ಮಂದ್ರ ಗಟ್ಟಿಯಾದರೆ ದನಿ ಹಗುರ

ಜರ್ಮನಿಯ ಕೀ ಆಡಿಯೊ ಕಂಪನಿಯ ‘ಕೀ ತ್ರೀ’ ಸ್ಪೀಕರ್ ನೋಡಲು ಚಿಕ್ಕದು. 40 ಸೆಂ.ಮೀ. ಎತ್ತರ, 20 ಸೆಂ.ಮೀ. ಅಗಲ, 15 ಕಿಲೊ ತೂಕ. ಅಷ್ಟರೊಳಗೇ ಮೇಲಿನ ಸ್ವರಗಳಿಗೊಂದು ಟ್ವೀಟರ್, ಮಧ್ಯಮ ಸ್ವರಗಳಿಗೊಂದು ಡ್ರೈವರ್, ತಗ್ಗಿನ ಸ್ವರಗಳಿಗೆ ಆರೂವರೆ ಇಂಚಿನ ನಾಲ್ಕು ವೂಫರ್. ಆರಕ್ಕೂ ಬೇರೆ ಬೇರೆ ಆಂಪ್ಲಿಫೈಯರ್, ಒಂದೊಂದೂ 250 ವಾಟ್. ಯಾವ ಡ್ರೈವರ್ ಯಾವ ಕ್ಷಣದಲ್ಲಿ ಎಷ್ಟು ನುಡಿಯಬೇಕು ಎಂದು ಲೆಕ್ಕ ಹಾಕುವ ಡಿಜಿಟಲ್ ಪ್ರೊಸೆಸರ್ ಕೂಡ ಒಳಗೇ ಇದೆ. ಈ ಪೆಟ್ಟಿಗೆ 20 ಹರ್ಟ್ಸ್‌ವರೆಗೆ ಇಳಿಯುತ್ತದೆ. ಮನುಷ್ಯನ ಶ್ರವಣದ ಕೆಳಗಿನ ಅಂಚು ಎಂದು ನಾವೆಲ್ಲ ಓದಿರುವುದೂ ಅದೇ 20 ಹರ್ಟ್ಸ್.

ಹೀಗಿದ್ದೂ ಕಂಪನಿ ಅದರ ಕೆಳಗೆ ನಿಲ್ಲಿಸಲೆಂದು ‘ಬಿಎಕ್ಸ್‌ಟಿ’ ಎಂಬ ಬೇಸ್ ಮಾಡ್ಯೂಲ್ ತಂದಿತು. ಅದರಲ್ಲಿ ಇನ್ನೂ ಎಂಟು ವೂಫರ್, ಎಂಟು ಆಂಪ್ಲಿಫೈಯರ್. ಎಡ ಬಲ ಎರಡೂ ಸೇರಿದರೆ 28 ಡ್ರೈವರ್, 7000 ವಾಟ್. ಕಿವಿಯ ಅಂಚನ್ನೇ ಮುಟ್ಟುವ ಸ್ಪೀಕರ್ ಇನ್ನೆಷ್ಟು ಕೆಳಗಿಳಿಯಬೇಕು? ಹೀಗೆ ಆಂಪ್ಲಿಫೈಯರ್ ಒಳಗೇ ಇರುವ ದುಬಾರಿ ಆಕ್ಟಿವ್ ಸ್ಪೀಕರ್ ಕೊಂಡು, ಅದಕ್ಕೆ ಬೇಸ್ ಮಾಡ್ಯೂಲ್ ಸೇರಿಸಬೇಕೇ ಎಂದು ಯೋಚಿಸುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಇನ್ನೂ ಕೆಳಗಿಳಿಯುವುದು ಮಾಡ್ಯೂಲಿನ ಮುಖ್ಯ ಕೆಲಸವೇ ಅಲ್ಲ. ಅದರ ನಿಜವಾದ ಲಾಭ ಸಿಗುವುದು 20 ಹರ್ಟ್ಸ್‌ನ ಪಾತಾಳಕ್ಕಿಂತ ಎಷ್ಟೋ ಮೇಲೆ, ಮೃದಂಗದ ಎಡವೂ ತಂಬೂರಿಯ ಮಂದ್ರವೂ ಗಾಯಕನ ಎದೆಯ ದನಿಯೂ ಇರುವ 60ರಿಂದ 200 ಹರ್ಟ್ಸ್‌ನ ಸೀಮೆಯಲ್ಲಿ.

ಕೋನ್ ಓಡಬೇಕಾದ ದೂರ

ಸ್ವರ ತಗ್ಗಿದಷ್ಟೂ ಸ್ಪೀಕರ್ ಹೆಚ್ಚು ಗಾಳಿಯನ್ನು ತಳ್ಳಬೇಕು. ವೂಫರ್‌ನಲ್ಲಿ ಅಲುಗಾಡುವ ಕೋನ್ 80 ಹರ್ಟ್ಸ್‌ನ ಸ್ವರ ಹೊರಡಿಸಲು 1 ಮಿ.ಮೀ. ಅಲುಗುತ್ತದೆ ಎನ್ನೋಣ. ಅಷ್ಟೇ ಜೋರಿನ 40 ಹರ್ಟ್ಸ್‌ಗೆ ಅದು 4 ಮಿ.ಮೀ. ಓಡಾಡಬೇಕು, 20 ಹರ್ಟ್ಸ್‌ಗೆ 16 ಮಿ.ಮೀ. ಸ್ವರ ಒಂದು ಸ್ಥಾಯಿ ಇಳಿದಾಗಲೆಲ್ಲ ಓಟ ನಾಲ್ಕು ಪಟ್ಟಾಗುತ್ತದೆ. ಆರೂವರೆ ಇಂಚಿನ ವೂಫರ್‌ಗೆ ಇದು ಬಲು ಬೇಗ ಕೈಮೀರುವ ಲೆಕ್ಕ.

ಕಿವಿಯೂ ಇಲ್ಲಿ ಉದಾರವಾಗಿಲ್ಲ. 1933ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ ತೋರಿಸಿಕೊಟ್ಟಂತೆ, ನಮ್ಮ ಕಿವಿಗೆ ತಗ್ಗಿನ ಸ್ವರಗಳು ಮಂದವಾಗಿ ಕೇಳುತ್ತವೆ. ಈಗ ಬಳಕೆಯಲ್ಲಿರುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, 40 ಡೆಸಿಬೆಲ್‌ನ 1000 ಹರ್ಟ್ಸ್ ಸ್ವರದಷ್ಟೇ ಜೋರಾಗಿ ಕೇಳಿಸಬೇಕೆಂದರೆ 40 ಹರ್ಟ್ಸ್‌ನ ಸ್ವರ ಸುಮಾರು 83 ಡೆಸಿಬೆಲ್ ಇರಬೇಕು, 20 ಹರ್ಟ್ಸ್‌ನದು ಸುಮಾರು 100. ರಾತ್ರಿ ಮೆಲ್ಲಗೆ ಹಾಡು ಹಾಕಿದಾಗ ಮೊದಲು ಮರೆಯಾಗುವುದು ಬೇಸ್ ಏಕೆಂಬುದಕ್ಕೆ ಉತ್ತರ ಈ ಅಂಕಿಗಳಲ್ಲಿದೆ.

ಪೆಟ್ಟಿಗೆಗೂ ತನ್ನದೇ ಕಟ್ಟುಪಾಡು ಉಂಟು. ಅಮೆರಿಕದ ಕೆಎಲ್‌ಎಚ್ ಕಂಪನಿಯ ಮೂವರು ಸ್ಥಾಪಕರಲ್ಲಿ ಒಬ್ಬರಾದ ಆಂಟನ್ ಹಾಫ್‌ಮನ್ ಹೆಸರಿನಲ್ಲಿ ಒಂದು ಕಬ್ಬಿಣದ ನಿಯಮವೇ ಇದೆ. ಪೆಟ್ಟಿಗೆ ಚಿಕ್ಕದಿರಬೇಕು, ಬೇಸ್ ಆಳಕ್ಕಿಳಿಯಬೇಕು, ಕಡಿಮೆ ವಿದ್ಯುತ್ತಿನಲ್ಲಿ ಜೋರಾಗಿ ನುಡಿಯಬೇಕು: ಈ ಮೂರರಲ್ಲಿ ಎರಡು ಮಾತ್ರ ನಿಮಗೆ ದಕ್ಕುತ್ತವೆ. ಚಿಕ್ಕ ಆಕ್ಟಿವ್ ಸ್ಪೀಕರ್‌ಗಳು ಮೂರನೆಯದನ್ನು ಬಿಟ್ಟುಕೊಟ್ಟು ಮೊದಲೆರಡನ್ನು ಪಡೆದಿವೆ. ಕಡಿಮೆ ಬಿಸಿಯಾಗುವ, ದಕ್ಷವಾದ ಕ್ಲಾಸ್ ಡಿ ಆಂಪ್ಲಿಫೈಯರ್‌ಗಳಿಂದ ಇದು ಸಾಧ್ಯವಾಯಿತು. ಕೀ ತ್ರೀ ರೂಪಿಸಿದ ಬೆಲ್ಜಿಯಂನ ಎಂಜಿನಿಯರ್ ಬ್ರೂನೊ ಪುಟ್ಜೇಸ್ ಈ ಬಗೆಯ ಆಂಪ್ಲಿಫೈಯರ್ ಅನ್ನು ಸಂಗೀತಪ್ರಿಯರು ಒಪ್ಪುವ ಮಟ್ಟಕ್ಕೆ ತಂದವರಲ್ಲಿ ಪ್ರಮುಖರು.

ಆದರೆ ವಾಟ್ ಸುರಿದು ಪಡೆದ ಬೇಸ್‌ಗೂ ಮಿತಿಯಿದೆ. ದನಿ ಏರಿಸುತ್ತ ಹೋದಂತೆ ವೂಫರ್ ತನ್ನ ಓಟದ ಕೊನೆ ಮುಟ್ಟುತ್ತದೆ. ಅದು ಹಾಳಾಗದಿರಲೆಂದು ಪ್ರೊಸೆಸರ್ ಸದ್ದಿಲ್ಲದೆ ಬೇಸ್ ಅನ್ನು ತಗ್ಗಿಸುತ್ತದೆ. ಕೈಪಿಡಿಯಲ್ಲಿ ಬರೆದ 20 ಹರ್ಟ್ಸ್ ನಿಜವೇ, ಆದರೆ ಅದು ಎಷ್ಟು ಜೋರಿನವರೆಗೆ ನಿಜ ಎಂಬುದನ್ನೂ ನೋಡಬೇಕು. ಇದಕ್ಕಿಂತ ಸೂಕ್ಷ್ಮವಾದ ತೊಂದರೆ ಇನ್ನೊಂದಿದೆ. ಬೇಸ್‌ಗಾಗಿ ದೂರ ದೂರ ಓಡಾಡುವ ಕೋನ್ ಅದೇ ಹೊತ್ತಿಗೆ ಮೇಲಿನ ಸ್ವರಗಳನ್ನೂ ನುಡಿಸುತ್ತಿದ್ದರೆ ಆ ಸ್ವರಗಳು ಕಲಕುತ್ತವೆ. ತಬಲಾದ ಡಗ್ಗಾಕ್ಕೆ ಬಿದ್ದ ಪೆಟ್ಟು ಗಾಯಕನ ಕಂಠವನ್ನೂ ಕೊಂಚ ಮಸುಕು ಮಾಡುತ್ತದೆ.

ಮಾಡ್ಯೂಲ್ ಬಂದಾಗ ಒಂದು ಬದಿಯ ನಾಲ್ಕು ವೂಫರ್ ಹನ್ನೆರಡಾಗುತ್ತವೆ. ಎಲ್ಲವೂ ಒಟ್ಟಿಗೆ ದುಡಿದರೆ ಲೆಕ್ಕದ ಪ್ರಕಾರ ಸುಮಾರು 9.5 ಡೆಸಿಬೆಲ್ ಹೆಚ್ಚುವರಿ ಶಕ್ತಿ ಸಿಕ್ಕಂತೆ. ಅಷ್ಟು ಜೋರಾಗಿ ಕೇಳಲೇಬೇಕೆಂದಿಲ್ಲ. ನಿತ್ಯದ ಮಟ್ಟದಲ್ಲೇ ಕೇಳಿದರೂ ಪ್ರತಿ ಕೋನ್ ಮೊದಲಿನ ಮೂರನೇ ಒಂದು ಭಾಗದಷ್ಟು ಓಡಿದರೆ ಸಾಕು. ತೇರಿನ ಹಗ್ಗಕ್ಕೆ ಕೈಗಳು ಹೆಚ್ಚಿದಷ್ಟೂ ಯಾರ ರಟ್ಟೆಯೂ ಸೋಲದು, ಹಾಗೆ. ಮೇಲಿನ ಸ್ಪೀಕರ್ ತಳದ ಹೊರೆಯಿಂದ ಬಿಡುಗಡೆಯಾಗಿ ಕಂಠ, ಪಿಟೀಲು, ವೀಣೆಗಳತ್ತ ಪೂರ್ತಿ ಗಮನ ಕೊಡುತ್ತದೆ.

ಹಿಂದಿನ ಗೋಡೆಯ ತಕರಾರು

ಎರಡನೆಯ ಲಾಭ ಇನ್ನೂ ದೊಡ್ಡದು. 100 ಹರ್ಟ್ಸ್‌ನ ಒಂದು ಅಲೆಯ ಉದ್ದ 3.4 ಮೀಟರ್. ಒಂದು ಗೇಣು ಅಗಲದ ಪೆಟ್ಟಿಗೆ ಅದಕ್ಕೆ ಅಡ್ಡಿಯೇ ಅಲ್ಲ. ಹೀಗಾಗಿ ಬೇಸ್ ಮುಂದಕ್ಕಷ್ಟೇ ಹೋಗದೆ ಪೆಟ್ಟಿಗೆಯನ್ನು ಬಳಸಿ ಹಿಂದಕ್ಕೂ ಹೋಗಿ, ಗೋಡೆಗೆ ಬಡಿದು ಮರಳುತ್ತದೆ. ಸ್ಪೀಕರ್‌ನ ಮುಖ ಗೋಡೆಯಿಂದ 1 ಮೀಟರ್ ದೂರವಿದ್ದರೆ, ಮರಳಿದ ಅಲೆ 85 ಹರ್ಟ್ಸ್‌ನಲ್ಲಿ ಮೂಲದ ಅಲೆಗೆ ಸರಿಯಾಗಿ ಎದುರಾಗಿ ಅದನ್ನು ಅಳಿಸುತ್ತದೆ. 70 ಸೆಂ.ಮೀ. ಆದರೆ ಏಟು ಬೀಳುವುದು ಸುಮಾರು 120 ಹರ್ಟ್ಸ್‌ಗೆ. ಸಂಗೀತದ ಮೈಯೆಲ್ಲ ಇರುವುದು ಅಲ್ಲೇ. ಆಂಪ್ಲಿಫೈಯರ್ ದೊಡ್ಡದು ಮಾಡಿದರೂ ಪ್ರಯೋಜನವಿಲ್ಲ, ಏಕೆಂದರೆ ಮೂಲ ಜೋರಾದಷ್ಟೇ ಪ್ರತಿಫಲನವೂ ಜೋರಾಗುತ್ತದೆ.

ಇದಕ್ಕೆ ಎಂಜಿನಿಯರ್‌ಗಳು ಕಂಡುಕೊಂಡ ಉಪಾಯ ಕಾರ್ಡಿಯಾಯ್ಡ್ ಪ್ರಸರಣ. ಹಾಡುಗಾರರ ಮುಂದಿನ ಮೈಕು ಹಿಂದಿನ ಸದ್ದನ್ನು ಕೇಳಿಸಿಕೊಳ್ಳದಿರುವುದು ಯಾವ ತತ್ವದಿಂದಲೋ ಅದೇ ಇಲ್ಲಿ ತಿರುವುಮುರುವಾಗಿ ಕೆಲಸ ಮಾಡುತ್ತದೆ. ಹಿಂದೆ ಮತ್ತು ಪಕ್ಕದಲ್ಲಿರುವ ವೂಫರ್‌ಗಳು ಎದುರು ಅಲೆಯನ್ನು ಲೆಕ್ಕಾಚಾರದಷ್ಟು ತಡಮಾಡಿ ಹೊರಡಿಸುತ್ತವೆ. ಹಿಂದಕ್ಕೆ ಹೋಗುವ ಸದ್ದು ಅಲ್ಲೇ ಅಳಿಯುತ್ತದೆ, ಮುಂದಿನದು ಉಳಿಯುತ್ತದೆ. ಕೀ ತ್ರೀಯ ಹೆಚ್ಚುಗಾರಿಕೆ ಇದೇ.

ಅಳಿಸುವುದಕ್ಕೂ ಶಕ್ತಿ ಬೇಕು. ಸ್ವರ ತಗ್ಗಿದಂತೆ ಅಲೆ ಉದ್ದವಾಗಿ, ಚಿಕ್ಕ ಪೆಟ್ಟಿಗೆ ತನ್ನ ದುಡಿಮೆಯ ಬಹುಪಾಲನ್ನು ಅಳಿಸುವುದಕ್ಕೇ ವ್ಯಯಿಸಬೇಕಾಗುತ್ತದೆ. ಒಂದು ಹಂತದ ಕೆಳಗೆ ಅದು ಈ ಹಿಡಿತವನ್ನು ಬಿಟ್ಟು ನಾಲ್ಕೂ ವೂಫರ್‌ಗಳನ್ನು ಬೇಸ್‌ಗೇ ದುಡಿಸುವುದು ಅನಿವಾರ್ಯ. ಮಾಡ್ಯೂಲಿನ ಹೆಚ್ಚುವರಿ ಕೋನ್‌ಗಳು ಆ ಹಂತವನ್ನು ಕೆಳಕ್ಕೆ ತಳ್ಳುತ್ತವೆ. ಜೊತೆಗೆ ವೂಫರ್‌ಗಳ ಸಾಲು ನೆಲದಿಂದ ಸುಮಾರು 1.2 ಮೀಟರ್‌ವರೆಗೆ ಎದ್ದು ನಿಲ್ಲುವುದರಿಂದ ನೆಲಕ್ಕೂ ಸೂರಿಗೂ ಬಡಿಯುವ ಸದ್ದು ತಗ್ಗುತ್ತದೆ.

ಫಿನ್ಲೆಂಡಿನ ದಾರಿ

ಇದೇ ಸಮಸ್ಯೆಗೆ ಫಿನ್ಲೆಂಡಿನ ಜೆನೆಲೆಕ್ ಇನ್ನೊಂದು ಉತ್ತರ ಕೊಟ್ಟಿದೆ. 1978ರಲ್ಲಿ ಈಸಲ್ಮಿ ಎಂಬ ಊರಿನಲ್ಲಿ ಹುಟ್ಟಿದ ಈ ಕಂಪನಿ ಆ ದೇಶದ ರೇಡಿಯೊ ಸಂಸ್ಥೆಗಾಗಿ ಆಕ್ಟಿವ್ ಮಾನಿಟರ್ ಮಾಡುತ್ತ ಬೆಳೆಯಿತು. ಅದರ ‘ಡಬ್ಲ್ಯು371ಎ’ ಎಂಬ ಮಾಡ್ಯೂಲ್ ಸ್ಟುಡಿಯೊಗಳಿಗೆಂದೇ ಹುಟ್ಟಿದ್ದರೂ ಮನೆಗಳಿಗೂ ಬಂದಿದೆ. ಮುಂದಕ್ಕೆ ಮುಖಮಾಡಿದ 14 ಇಂಚಿನ ಒಂದು ವೂಫರ್, ಹಿಂದಕ್ಕೆ ಮುಖಮಾಡಿದ 12 ಇಂಚಿನ ಇನ್ನೊಂದು. ಇದು 23 ಹರ್ಟ್ಸ್‌ನಿಂದ 500 ಹರ್ಟ್ಸ್‌ವರೆಗೆ ನುಡಿಯಬಲ್ಲದು.

ಆ 500 ಎಂಬ ಅಂಕಿಯನ್ನು ಗಮನಿಸಬೇಕು. ಗುಡುಗಿಗೋ ಸಿನಿಮಾದ ಸ್ಫೋಟಕ್ಕೋ ಮಾಡಿದ ಪೆಟ್ಟಿಗೆ ಅಷ್ಟು ಮೇಲಕ್ಕೆ ಬರಬೇಕಾದ ಅಗತ್ಯವಿರಲಿಲ್ಲ. ಕೋಣೆ ತೊಂದರೆ ಕೊಡುವ ಇಡೀ ಪಟ್ಟಿಯನ್ನೇ ಮಾಡ್ಯೂಲ್ ವಹಿಸಿಕೊಳ್ಳಲಿ ಎಂಬುದು ಅದನ್ನು ಮಾಡಿದವರ ಎಣಿಕೆ. ಮೊದಲು ಮೈಕಿನಿಂದ ಕೋಣೆಯನ್ನು ಅಳೆಯುತ್ತಾರೆ. ಬಳಿಕ ತಂತ್ರಾಂಶವು ಎರಡು ವೂಫರ್‌ಗಳನ್ನು ಹೇಗೆ ಜೋಡಿಸಿದರೆ ಕೂತ ಜಾಗದಲ್ಲಿ ಯಾವ ಸ್ವರವೂ ಅಳಿಸಿಹೋಗುವುದಿಲ್ಲ ಎಂದು ತೀರ್ಮಾನಿಸುತ್ತದೆ.

ಸಬ್‌ವೂಫರ್ ಸಾಲದೇ?

ನ್ಯಾಯವಾದ ಪ್ರಶ್ನೆ. ಒಳ್ಳೆಯ ಸಬ್‌ವೂಫರ್‌ನ ಬೆಲೆ ಈ ಮಾಡ್ಯೂಲ್‌ಗಳ ಬೆಲೆಯ ಸಣ್ಣ ಪಾಲು. ಸಾಮಾನ್ಯವಾಗಿ 80 ಹರ್ಟ್ಸ್‌ನ ಕೆಳಗಿನದನ್ನಷ್ಟೇ ಸಬ್‌ವೂಫರ್‌ಗೆ ಬಿಡುತ್ತಾರೆ, ಏಕೆಂದರೆ ಅಷ್ಟು ತಗ್ಗಿನ ಸ್ವರ ಯಾವ ದಿಕ್ಕಿನಿಂದ ಬಂತೆಂದು ಕಿವಿಗೆ ತಿಳಿಯುವುದಿಲ್ಲ. ಆ ಗಡಿಯ ಕೆಳಗೆ ಸಬ್‌ವೂಫರ್‌ಗೆ ಒಂದು ಮೇಲುಗೈಯೂ ಉಂಟು: ಅದನ್ನು ಬೇಕಾದಲ್ಲಿ ಇಡಬಹುದು. ಹಾರ್ಮನ್ ಕಂಪನಿಯ ಟಾಡ್ ವೆಲ್ಟಿ 2002ರಲ್ಲಿ ಮಂಡಿಸಿದ ಅಧ್ಯಯನವು ಆಯತಾಕಾರದ ಕೋಣೆಯಲ್ಲಿ ಎದುರುಬದುರು ಗೋಡೆಗಳ ನಡುಮಧ್ಯೆ ಇಟ್ಟ ಎರಡು ಸಬ್‌ವೂಫರ್ ಅಥವಾ ನಾಲ್ಕೂ ಗೋಡೆಗಳ ಮಧ್ಯೆ ಇಟ್ಟ ನಾಲ್ಕು, ಬೇಸ್ ಅನ್ನು ಎಲ್ಲ ಆಸನಗಳಿಗೂ ಹೆಚ್ಚು ಸಮನಾಗಿ ಹಂಚುತ್ತವೆ ಎಂದು ತೋರಿಸಿತು. ಮನೆಮಂದಿಯೆಲ್ಲ ಕೂತು ಸಿನಿಮಾ ನೋಡುವ ಹಾಲ್‌ಗೆ ಈ ದಾರಿಯೇ ಜಾಣತನದ್ದು.

ಆದರೆ 80ರ ಮೇಲೆ ಸಬ್‌ವೂಫರ್ ಕೈಚೆಲ್ಲುತ್ತದೆ. ಹಿಂದಿನ ಗೋಡೆಯ ತಕರಾರನ್ನು ಅದು ಬಗೆಹರಿಸದು, ಮುಖ್ಯ ಸ್ಪೀಕರ್‌ನ ಹೊರೆಯನ್ನೂ ಪೂರ್ತಿ ಇಳಿಸದು. ಮಾಡ್ಯೂಲ್ ಆದರೋ ಎಡಕ್ಕೊಂದು ಬಲಕ್ಕೊಂದು, ಸ್ಪೀಕರ್‌ನ ನೇರ ಕೆಳಗೆ, ಒಂದೇ ಪ್ರೊಸೆಸರ್‌ನ ಲೆಕ್ಕದಲ್ಲಿ, ಒಂದೇ ಕಾಲದಲ್ಲಿ ನುಡಿಯುತ್ತದೆ. ಒಂದು ಆಸನದಲ್ಲಿ ಕೂತು ಮನಸ್ಸಿಟ್ಟು ಸಂಗೀತ ಕೇಳುವವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ನಮ್ಮ ಹಾಲ್, ನಮ್ಮ ಸಂಗೀತ

ಒಂದು ಮನೆ ಶ್ರುತಿಗೆ ಕೂಡಿಸಿದ ತಂಬೂರಿಯ ಮಂದ್ರ ತಂತಿಯ ಸ್ವರ ಸುಮಾರು 65 ಹರ್ಟ್ಸ್. ಪಾಶ್ಚಾತ್ಯ ಪಿಯಾನೊದ ಅತಿ ತಗ್ಗಿನ ಮನೆ 27.5 ಹರ್ಟ್ಸ್, ಬೇಸ್ ಗಿಟಾರಿನ ದಪ್ಪ ತಂತಿ 41 ಹರ್ಟ್ಸ್. ಅವುಗಳ ಮುಂದೆ ನಮ್ಮ ಶಾಸ್ತ್ರೀಯ ಸಂಗೀತ ಪಾತಾಳಕ್ಕಿಳಿಯುವಂಥದ್ದಲ್ಲ. ಹಾಗೆಂದು ಅದಕ್ಕೆ ಒಳ್ಳೆಯ ಬೇಸ್ ಬೇಡವೆನ್ನುವುದು ದೊಡ್ಡ ತಪ್ಪು.

5 ಮೀಟರ್ ಉದ್ದದ ಹಾಲ್ ತೆಗೆದುಕೊಳ್ಳಿ. ಅದರ ಉದ್ದಕ್ಕೆ ತಕ್ಕ ಅನುರಣನ 34 ಹರ್ಟ್ಸ್‌ನಲ್ಲಿ, ಮತ್ತೆ 68ರಲ್ಲಿ. 3 ಮೀಟರ್ ಎತ್ತರದ ಸೂರು 57ರಲ್ಲಿ ಇನ್ನೊಂದನ್ನು ಸೇರಿಸುತ್ತದೆ. ತಂಬೂರಿಯ 65 ಈ 57 ಮತ್ತು 68ರ ನಡುವೆ ಸಿಕ್ಕಿಕೊಳ್ಳುತ್ತದೆ. ಷಡ್ಜ ಒಂದು ಕಡೆ ಗುಮ್ಮೆನ್ನುತ್ತದೆ, ಎರಡು ಹೆಜ್ಜೆ ಸರಿದರೆ ಅಡಗುತ್ತದೆ. ಅಮೆರಿಕದ ಮನೆಗಳ ಮರದ ಚೌಕಟ್ಟಿನ ತೆಳು ಗೋಡೆಗಳು ಬೇಸ್ ಅನ್ನು ಒಂದಿಷ್ಟು ಹೀರಿ ಹೊರಗೆ ಬಿಡುತ್ತವೆ. ಇಟ್ಟಿಗೆ, ಸಿಮೆಂಟ್ ಬ್ಲಾಕ್, ಆರ್‌ಸಿಸಿ ಸೂರು, ಗ್ರಾನೈಟ್ ನೆಲದ ನಮ್ಮ ಮನೆಗಳು ಅದನ್ನು ಒಳಗೇ ಕೂಡಿಹಾಕುತ್ತವೆ. ಆದ್ದರಿಂದ ವಿದೇಶಿ ವಿಮರ್ಶಕರು ಮೆಚ್ಚಿದ ಬೇಸ್ ಬೆಂಗಳೂರಿನ ಫ್ಲಾಟ್‌ನಲ್ಲಿ ಹಾಗೇ ಕೇಳೀತೆಂದು ನಂಬಬಾರದು. ಹಿಂದಕ್ಕೂ ಮೇಲಕ್ಕೂ ಕಡಿಮೆ ಸದ್ದು ಚೆಲ್ಲುವ ವ್ಯವಸ್ಥೆ ನಮ್ಮ ಗಟ್ಟಿ ಗೋಡೆಗಳ ನಡುವೆಯೇ ಹೆಚ್ಚು ಉಪಕಾರಿ. ಆದರೆ ಅತಿ ತಗ್ಗಿನ ಸ್ವರಗಳನ್ನು ಯಾವ ಮಾಡ್ಯೂಲೂ ಕೆಳಮನೆಯವರಿಗೆ ಮುಟ್ಟದಂತೆ ತಡೆಯಲಾರದು, ಈ ಎಚ್ಚರ ಇರಬೇಕು.

ಕೊಳ್ಳುವ ಮುನ್ನ

ಮೊದಲ ಖರ್ಚು ಅಳತೆಗೆ. ಒಂದು ಅಳತೆಯ ಮೈಕು ಕೆಲವೇ ಸಾವಿರಕ್ಕೆ ಸಿಗುತ್ತದೆ, ತಂತ್ರಾಂಶ ಉಚಿತವಾಗಿಯೇ ಇದೆ. ಅದರಿಂದ ಕೋಣೆಯ ಉಬ್ಬು ತಗ್ಗುಗಳು ಗ್ರಾಫ್‌ನಲ್ಲಿ ಕಾಣುತ್ತವೆ. ಆಮೇಲೆ ಸ್ಪೀಕರ್ ಮತ್ತು ಆಸನವನ್ನು ಸರಿಸಿ ನೋಡಬೇಕು. ಹೀಗೆ ಹಣವಿಲ್ಲದೆ ಸರಿಹೋಗುವ ದೋಷಗಳೇ ಎಷ್ಟೋ. ಉಬ್ಬನ್ನು ಪ್ರೊಸೆಸರ್ ತಗ್ಗಿಸಬಲ್ಲದು. ತಗ್ಗನ್ನು ತುಂಬಹೊರಟರೆ ಮಾತ್ರ ದುಬಾರಿ: 10 ಡೆಸಿಬೆಲ್ ಏರಿಸಲು ಹತ್ತು ಪಟ್ಟು ವಾಟ್ ಬೇಕು, ಅದೂ ಗೋಡೆಯ ಪಾಲಾಗುತ್ತದೆ. ಗೋಡೆಗೆ ಅಂಟಿಸುವ ಎರಡಿಂಚಿನ ಫೋಮ್‌ನಿಂದಲೂ ಇಲ್ಲಿ ಏನೂ ಆಗದು. 50 ಹರ್ಟ್ಸ್‌ನ ಅಲೆಯ ಕಾಲುಭಾಗವೇ 1.7 ಮೀಟರ್ ಇರುವಾಗ ಅಷ್ಟು ತೆಳು ಪದರ ಅದನ್ನು ಹಿಡಿಯಲಾರದು.

ಇಷ್ಟೆಲ್ಲ ಮಾಡಿದ ಮೇಲೂ 60ರಿಂದ 200ರ ನಡುವೆ ಗುಂಡಿಗಳು ಉಳಿದರೆ, ಅಥವಾ ದನಿ ಏರಿಸಿದಾಗ ಸ್ಪೀಕರ್ ಏದುಸಿರು ಬಿಟ್ಟಂತೆ ಕೇಳಿದರೆ, ಮಾಡ್ಯೂಲ್‌ಗೆ ಅರ್ಥವಿದೆ. ಆಗಲೂ ಎರಡು ವಿಷಯ ಮರೆಯಬಾರದು. ಇವು ತಮ್ಮದೇ ಕಂಪನಿಯ ಆಯ್ದ ಸ್ಪೀಕರ್‌ಗಳೊಂದಿಗೆ ಕೂಡುವಂತೆ ಮಾಡಿದವು, ಮುಂದೆ ಸ್ಪೀಕರ್ ಬದಲಿಸಿದರೆ ಮಾಡ್ಯೂಲನ್ನೂ ಬಿಡಬೇಕಾಗಬಹುದು. ಆಂಪ್ಲಿಫೈಯರ್ ಒಳಗೇ ಇರುವುದರಿಂದ ಕೆಟ್ಟರೆ ಪೆಟ್ಟಿಗೆಯೇ ಮೂಲೆಗುಂಪು. ಆದ್ದರಿಂದ ದುರಸ್ತಿ ಯಾರು ಮಾಡುತ್ತಾರೆ, ಬಿಡಿಭಾಗ ಎಲ್ಲಿಂದ ಬರುತ್ತದೆ ಎಂಬುದನ್ನು ಮಾರುವವರಿಂದ ಬರಹದಲ್ಲಿ ಪಡೆಯುವುದು ಕ್ಷೇಮ.

ಅಂಗಡಿಯಲ್ಲಿ ಪರೀಕ್ಷಿಸುವಾಗ ಗುಡುಗು, ಸಿಂಥ್‌ಗಳ ಪ್ರದರ್ಶನದ ಧ್ವನಿಮುದ್ರಿಕೆ ಬೇಡ. ನಿಮಗೆ ಬಾಯಿಪಾಠವಾಗಿರುವ ಕಛೇರಿಯೊಂದನ್ನು, ಮನೆಯಲ್ಲಿ ಕೇಳುವಷ್ಟೇ ದನಿಯಲ್ಲಿ, ಮಾಡ್ಯೂಲ್ ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಹಾಕಿಸಿ. ಮೃದಂಗದ ಎಡದಲ್ಲಿ ಬೆರಳು ಜಾರಿಸಿ ಎಬ್ಬಿಸುವ ಗುಮುಕಿ ಸ್ವರವಾಗಿ ಕೇಳುತ್ತದೆಯೇ, ಬರೀ ಗುದ್ದಾಗುತ್ತದೆಯೇ? ತಂಬೂರಿಯ ನಾಲ್ಕು ತಂತಿಗಳೂ ಒಂದೇ ತೂಕದಲ್ಲಿವೆಯೇ? ಕಂಠ ಇನ್ನಷ್ಟು ತಿಳಿಯಾಯಿತೇ? ಬರೀ ಗುದ್ದು ಹೆಚ್ಚಿದ್ದರೆ ಜೋಡಣೆ ತಪ್ಪಿದೆ, ಇಲ್ಲವೇ ಆ ಮಾಡ್ಯೂಲ್ ನಿಮಗೆ ಬೇಕಿಲ್ಲ. ಬೇಸ್‌ಗೆಂದು ಸುರಿದ ಹಣ ಸಾರ್ಥಕವಾಯಿತೇ ಎಂಬುದನ್ನು ಗಾಯಕನ ಕಂಠದಲ್ಲಿ ಕೇಳಿ ತಿಳಿಯಬೇಕು.