ಮಾವಿನ ಮಂಡಿಯ ನೀಲಿ ಪರದೆ

ಮೇ ತಿಂಗಳಲ್ಲಿ ಶ್ರೀನಿವಾಸಪುರದ ಮಾವಿನ ಮಂಡಿಗಳಲ್ಲಿ ಮನುಷ್ಯರಷ್ಟೇ ಅಲ್ಲ, ಶೀಟಿನ ಸೂರಿನಡಿ ಬಿಲ್ಲು ಹೊಡೆಯುವ ಕಂಪ್ಯೂಟರುಗಳೂ ಬೇಯುತ್ತವೆ. ಬೆಳಗ್ಗೆ ನೆಟ್ಟಗಿದ್ದ ಯಂತ್ರ ಮಧ್ಯಾಹ್ನ ನೀಲಿ ಪರದೆ ತೋರಿಸಿ ತಾನಾಗಿ ರೀಸ್ಟಾರ್ಟ್ ಆದರೆ ಮೊದಲು ಕೇಳಿಬರುವ ಮಾತು ‘ವೈರಸ್ಸು’, ಎರಡನೆಯದು ‘ಫಾರ್ಮ್ಯಾಟ್ ಹೊಡೆದುಬಿಡಿ’. ಫಾರ್ಮ್ಯಾಟ್ ಆದಮೇಲೂ ಅದೇ ಕತೆ. ಎಷ್ಟೋ ಸಲ ತಪ್ಪು ವಿಂಡೋಸಿನದಲ್ಲ. ಅದಕ್ಕೂ ಕೆಳಗೆ, ಮದರ್‌ಬೋರ್ಡಿನ ಬಯಾಸ್ ಸೆಟ್ಟಿಂಗಿನಲ್ಲಿ ಕೂತಿರುತ್ತದೆ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಜೋಡಿಸಿ ತಂದ ಯಂತ್ರವಾದರೆ ಮೊದಲು ರ‍್ಯಾಮ್ ವೇಗ ನೋಡಬೇಕು. ಡಬ್ಬಿಯ ಮೇಲೆ ದೊಡ್ಡದಾಗಿ 3200 ಎಂದಿರುತ್ತದೆ. ಆದರೆ ಅಂಥ ಅನೇಕ ಡಿಡಿಆರ್4 ರ‍್ಯಾಮ್‌ಗಳು ತಾವಾಗಿ ಓಡುವುದು 2133 ಅಥವಾ 2400ರಲ್ಲಿ. ಪೂರ್ತಿ ವೇಗ ಬೇಕೆಂದರೆ ಎಕ್ಸ್‌ಎಂಪಿ ಎಂಬ ಬಯಾಸ್ ಸೆಟ್ಟಿಂಗನ್ನು ಆನ್ ಮಾಡಬೇಕು. ಆಗ ಸಾಮಾನ್ಯವಾಗಿ ವೋಲ್ಟೇಜ್ 1.2ರಿಂದ 1.35ಕ್ಕೆ ಏರುತ್ತದೆ. ಇಂಟೆಲ್ ಕಂಪನಿಯೇ ಇದನ್ನು ನಿಗದಿತ ವೇಗ ಮೀರಿ ಓಡಿಸುವ ಓವರ್‌ಕ್ಲಾಕಿಂಗ್ ಲೆಕ್ಕಕ್ಕೆ ಹಾಕುತ್ತದೆ. ರ‍್ಯಾಮ್ ತಡೆದುಕೊಂಡರೆ ಸಾಲದು, ಪ್ರೊಸೆಸರಿನೊಳಗಿನ ಮೆಮೊರಿ ಕಂಟ್ರೋಲರೂ ತಡೆಯಬೇಕು. ಒಂದೇ ಮಾದರಿಯ ಎರಡು ಚಿಪ್ಪುಗಳ ತಾಳಿಕೆಯೂ ಒಂದೇ ಇರುವುದಿಲ್ಲ. ನಾಲ್ಕೂ ಸ್ಲಾಟ್ ತುಂಬಿದರೆ ಹೊರೆ ಇನ್ನೂ ಹೆಚ್ಚು.

ಮಧ್ಯಾಹ್ನವೇ ಯಾಕೆ? ರ‍್ಯಾಮಿನ ಒಂದೊಂದು ಬಿಟ್ಟೂ ಅತಿಸಣ್ಣ ಕೆಪಾಸಿಟರಿನಲ್ಲಿ ತುಂಬಿಟ್ಟ ವಿದ್ಯುದಾವೇಶ. ತೂತುಬಿದ್ದ ಬಿಂದಿಗೆಯ ನೀರಿನ ಹಾಗೆ ಅದು ಸೋರುತ್ತಲೇ ಇರುತ್ತದೆ. 64 ಮಿಲಿಸೆಕೆಂಡಿಗೊಮ್ಮೆ ಮತ್ತೆ ತುಂಬಬೇಕು. ಬಿಸಿ ಏರಿದಷ್ಟೂ ಸೋರಿಕೆ ಜೋರು. ಚಿಪ್ಪು 85 ಡಿಗ್ರಿ ದಾಟಿದರೆ ಅವಧಿಯನ್ನು ಅರ್ಧಕ್ಕೆ ಇಳಿಸಬೇಕೆಂಬುದೇ ನಿಯಮ. ವೇಗದ ಅಂಚಿನಲ್ಲಿ ಓಡುವ ಯಂತ್ರ ಅಷ್ಟು ಕಾಯುವವರೆಗೂ ಕಾಯುವುದಿಲ್ಲ. ಸಮಯದ ಲೆಕ್ಕ ಕೂದಲೆಳೆಯಷ್ಟು ತಪ್ಪಿದರೂ 1 ಇದ್ದಲ್ಲಿ 0 ಓದಿಬಿಡುತ್ತದೆ. ಮಾಲೂರಿನ ಇಟ್ಟಿಗೆಗೂಡುಗಳ ಪಕ್ಕದ ಆಫೀಸಿನಲ್ಲಿ ಫ್ಯಾನಿಗೆ ಕೆಂಪು ಧೂಳು ಮೆತ್ತಿಕೊಂಡಿದ್ದರಂತೂ ಕೇಳುವುದೇ ಬೇಡ. ಮುಳಬಾಗಿಲಿನ ಸ್ಟುಡಿಯೊದಲ್ಲಿ ಮದುವೆ ವಿಡಿಯೊ ರೆಂಡರ್ ಮಾಡುವಾಗ ಮಾತ್ರ ಯಂತ್ರ ಸಾಯುತ್ತದೆಯೆ? ಅದು ಬಿಸಿಲಿನ ಕಾಟವಲ್ಲ, ಹೊರೆಯದು; ಅಲ್ಲಿ ಅನುಮಾನ ಪವರ್ ಸಪ್ಲೈ ಮೇಲೆ.

ಮೊದಲು ಬಯಾಸನ್ನು ಡಿಫಾಲ್ಟಿಗೆ ಮರಳಿಸಿ ಒಂದೆರಡು ದಿನ ಓಡಿಸಿ. ಕಾಟ ನಿಂತರೆ ಕಳ್ಳ ಸಿಕ್ಕ ಹಾಗೆ. ಆಮೇಲೆ ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ. ಮೂರನ್ನು ಒಟ್ಟಿಗೆ ಬದಲಿಸಿದರೆ ಯಾವುದು ಕೆಡಿಸಿತೆಂದು ಬ್ರಹ್ಮನಿಗೂ ಗೊತ್ತಾಗದು. ಮೆಮ್‌ಟೆಸ್ಟ್86+ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವಿನಿಂದ ರಾತ್ರಿಯಿಡೀ ಓಡಿಸಿ. ದೋಷವಿದ್ದರೆ ಕೆಂಪು ಸಾಲು ಮೂಡುತ್ತದೆ: ಮೆಮೊರಿಯ ವಿಳಾಸ, ಅಲ್ಲಿ ಇರಬೇಕಾದ ಸಂಖ್ಯೆ, ನಿಜವಾಗಿ ಸಿಕ್ಕ ಸಂಖ್ಯೆ. ಎರಡರ ನಡುವೆ ಎಷ್ಟೋ ಸಲ ಒಂದೇ ಅಂಕಿಯ ವ್ಯತ್ಯಾಸ.

ಡಿಫಾಲ್ಟ್ ಎಂದರೆ ವೇದವಾಕ್ಯವೂ ಅಲ್ಲ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಹಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳಿ ಸೊರಗುತ್ತಿದ್ದವು. 2024ರ ಆಗಸ್ಟಿನಲ್ಲಿ ಬಯಾಸ್ ತಿದ್ದುಪಡಿ ಬಂತು, ವಾರಂಟಿ ಎರಡು ವರ್ಷ ಹೆಚ್ಚಿತು. ಆಗಲೇ ಹಾಳಾಗಿದ್ದ ಚಿಪ್ಪುಗಳು ಮಾತ್ರ ತಿದ್ದುಪಡಿಯಿಂದ ಸರಿಹೋಗಲಿಲ್ಲ.

ಒಂದೇ ಸಲ ಕೆಟ್ಟು, ಏನು ಮಾಡಿದರೂ ಮರುಕಳಿಸದ ದೋಷಗಳೂ ಇವೆ. 2003ರಲ್ಲಿ ಬೆಲ್ಜಿಯಂನ ಸ್ಕಾರ್‌ಬೇಕ್‌ನ ಮತಯಂತ್ರದಲ್ಲಿ ಅಭ್ಯರ್ಥಿಯೊಬ್ಬರಿಗೆ 4096 ಮತ ಹೆಚ್ಚಾಗಿ ಬಂತು. ಎರಡರ ಹನ್ನೆರಡನೇ ಘಾತ ಅದು, ಅಂದರೆ ಒಂದೇ ಬಿಟ್ಟು ತಿರುಗಿದೆ. ಪರೀಕ್ಷೆಯಲ್ಲಿ ಯಂತ್ರದ ದೋಷ ಸಿಗಲಿಲ್ಲ. ಅನುಮಾನ ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳ ಮೇಲೆ ಹೋಯಿತು. ಆ ಕಿರಣಗಳನ್ನು ಬೆನ್ನಟ್ಟಿ ಭೌತವಿಜ್ಞಾನಿ ಬಿ.ವಿ. ಶ್ರೀಕಂಠನ್ 1951ರಲ್ಲೇ ಕೋಲಾರ ಜಿಲ್ಲೆಯ ಚಿನ್ನದ ಗಣಿಗೆ ಇಳಿದಿದ್ದರು. ನೆಲದ ಮೇಲೆ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಈ ಕಿರಣಗಳಿಂದ ಹುಟ್ಟುವ ಸುಮಾರು ಒಂದು ಮ್ಯೂಆನ್ ಕಣ ಬಂದು ಬೀಳುತ್ತದೆ. ಅದೇ ಕೋಲಾರದ ಚಾಂಪಿಯನ್ ರೀಫ್ ಗಣಿಯ ಎರಡು ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ ಅವು ಎಷ್ಟು ವಿರಳವೆಂದರೆ, 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳನ್ನು ಗುರುತಿಸಲು ಸಾಧ್ಯವಾದದ್ದೇ ಆ ನಿಶ್ಶಬ್ದದಿಂದ. ಆದರೆ ರ‍್ಯಾಮಿನ ಬಿಟ್ಟು ತಿರುಗಿಸುವುದರಲ್ಲಿ ಮ್ಯೂಆನ್‌ಗಿಂತ ವಿಶ್ವಕಿರಣಗಳಿಂದ ಹುಟ್ಟುವ ನ್ಯೂಟ್ರಾನ್‌ಗಳದೇ ದೊಡ್ಡ ಪಾಲು. ಬ್ಯಾಂಕಿನ ಸರ್ವರುಗಳಲ್ಲಿ ತಪ್ಪನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ಮೆಮೊರಿ ಹಾಕುವುದು ಇಂಥದ್ದಕ್ಕಾಗಿಯೇ.

ಆದರೆ ಮಂಡಿಯ ಕಂಪ್ಯೂಟರ್ ದಿನಾ ಮಧ್ಯಾಹ್ನ ಬಿದ್ದರೆ ಆಕಾಶವನ್ನು ದೂರಬೇಡಿ. ವಿಶ್ವಕಿರಣಕ್ಕೆ ವೇಳಾಪಟ್ಟಿ ಇಲ್ಲ. ಮೆಮ್‌ಟೆಸ್ಟಿನಲ್ಲಿ ಅದೇ ವಿಳಾಸ ಎರಡನೇ ಸಲವೂ ಕೆಂಪಾದರೆ 3200ನ್ನು 2933ಕ್ಕೆ ಇಳಿಸಿ, ಇನ್ನೊಂದು ರಾತ್ರಿ ಓಡಲು ಬಿಡಿ. ಡಿಫಾಲ್ಟ್ ವೇಗದಲ್ಲೂ ಕೆಂಪಾದರೆ ರ‍್ಯಾಮನ್ನೇ ಬದಲಿಸಿ.