ಹಣ್ಣು ಹೊತ್ತ ಪುಟ್ಟ ರೈಲು

ಪೂರ್ವ ಇಂಗ್ಲೆಂಡಿನ ವಿಸ್‌ಬೀಚ್ ಪಟ್ಟಣದ ಸುತ್ತ ಫಲವತ್ತಾದ ತಗ್ಗು ನೆಲ. ಹಣ್ಣು, ತರಕಾರಿ ಅಲ್ಲಿನ ಮುಖ್ಯ ಬೆಳೆ. ಅಲ್ಲಿಂದ ಅಪ್‌ವೆಲ್ ಹಳ್ಳಿಗೆ ಗ್ರೇಟ್ ಈಸ್ಟರ್ನ್ ರೈಲ್ವೆಯವರು 1883–84ರಲ್ಲಿ ಸುಮಾರು 6 ಮೈಲಿಯ ಶಾಖಾ ಮಾರ್ಗ ಹಾಕಿದರು. ಹಳಿ ಹಲವೆಡೆ ರಸ್ತೆಯ ಮಗ್ಗುಲಲ್ಲೇ ಇದ್ದುದರಿಂದ ಜನ, ದನ ಸಿಕ್ಕಿಕೊಳ್ಳದಂತೆ ಎಂಜಿನ್ನಿನ ಚಕ್ರಗಳಿಗೆ ತಗಡಿನ ಮರೆ ಕಟ್ಟಿದ್ದರು.

ರೈಲು ಹಳ್ಳಿಗೆ ಕಲ್ಲಿದ್ದಲು ತರುತ್ತಿತ್ತು. ಹಿಂದಿರುಗುವಾಗ ಹಣ್ಣು, ತರಕಾರಿ ಒಯ್ಯುತ್ತಿತ್ತು. ಸ್ಟ್ರಾಬೆರಿ ನಮ್ಮ ಅಡಿಕೆಯಂತಲ್ಲ, ದರ ಏರಲೆಂದು ಅಟ್ಟದಲ್ಲಿ ಇಡಲಾಗದು. ಕೊಯ್ದ ಹಣ್ಣು ತಡವಿಲ್ಲದೆ ಪೇಟೆ ಸೇರಬೇಕು. ಆದ್ದರಿಂದ ರೈತರಿಗೆ ಈ ರೈಲು ದೊಡ್ಡ ಆಸರೆಯಾಯಿತು.

ಬಸ್ಸುಗಳು ಬಂದ ಮೇಲೆ, 1927ರ ಕೊನೆಗೆ, ಪ್ರಯಾಣಿಕರ ಬಂಡಿ ನಿಂತಿತು. ಆದರೂ ಸರಕಿನ ಬಲದಿಂದಲೇ ಮಾರ್ಗ ಇನ್ನೂ 38 ವರ್ಷ ಬದುಕಿತು. ಮುಂದೆ ಲಾರಿಗಳು ಆ ಸರಕನ್ನೂ ಸೆಳೆದವು. ರೈತರನ್ನು ದೂರುವಂತಿಲ್ಲ: ಲಾರಿ ತೋಟಕ್ಕೇ ಬರುತ್ತದೆ, ನಡುವೆ ಇಳಿಸಿ ಏರಿಸುವ ಕೂಲಿಯೂ ಉಳಿಯುತ್ತದೆ. 1966ರ ಮೇ ತಿಂಗಳಲ್ಲಿ ಮಾರ್ಗ ಮುಚ್ಚಿತು.

ಆ ಮಾರ್ಗ ಒಂದೇ ದಿನದಲ್ಲಿ ಬರಿದಾಗಲಿಲ್ಲ; ಒಂದೊಂದು ಬುಟ್ಟಿಯೂ ಬೇರೆ ದಾರಿ ಹಿಡಿದಂತೆ ಬರಿದಾಯಿತು. ಬೆಳೆಗಾರರು ಬಳಸುವಷ್ಟು ಕಾಲ ಮಾತ್ರ ಇಂಥ ಸೌಕರ್ಯ ಉಳಿಯುತ್ತದೆ ಎಂಬುದನ್ನು ಸದಸ್ಯ ಬಾಂಧವರು ಗಮನಿಸಬೇಕು.