ಅಳಿಯಂದಿರ ಹೊಸ ದೋಣಿ

ಮಗಳ ಮನೆಗೆಂದು ಅಮೆರಿಕೆಗೆ ಹೋಗಿ ಆರು ತಿಂಗಳು ಇದ್ದು ಬಂದೆ. ಅಲ್ಲಿ ಏನು ಮಾಡಿದಿರಿ ಎಂದು ಸಂಘದ ಮಿತ್ರರು ಕೇಳಿದಾಗ, “ಒಂದು ದೋಣಿ ಕೊಂಡೆವು” ಎಂದೆ. ಎಲ್ಲರೂ ನಕ್ಕರು. ಗಂಗೊಳ್ಳಿಯಲ್ಲಿ ಹುಟ್ಟಿ, ದೋಣಿಗಳ ನಡುವೆ ಬೆಳೆದು, ಮೂವತ್ತನಾಲ್ಕು ವರ್ಷ ಮುಂಬಯಿಯ ಬಂದರಿನಲ್ಲಿ ಎಂಜಿನ್ ಫಿಟ್ಟರಾಗಿ ದುಡಿದವನು ಏಳು ಸಮುದ್ರದಾಚೆ ಹೋಗಿಯೂ ನೋಡಿದುದು ದೋಣಿಯನ್ನೇ ಎಂದರೆ ನಗು ಬಾರದೆ ಇರುತ್ತದೆಯೆ? ಆದರೆ ಕತೆ ಪೂರ್ತಿ ಕೇಳಿದ ಮೇಲೆ, ಅದನ್ನು ಬರೆದುಕೊಡಲೇಬೇಕೆಂದು ಸಂಪಾದಕರು ಹಟ ಹಿಡಿದರು. ನಮ್ಮ ಅನೇಕ ಮನೆಗಳ ಮಕ್ಕಳು ಈಗ ಅಲ್ಲಿದ್ದಾರೆ. ಅವರಲ್ಲಿ ಒಬ್ಬರಿಗಾದರೂ ಉಪಯೋಗವಾದೀತೆಂದು ಬರೆದಿದ್ದೇನೆ.

ಅಳಿಯಂದಿರು ಇರುವುದು ಅಲಬಾಮಾ ರಾಜ್ಯದ ಹಂಟ್ಸ್‌ವಿಲ್ಲಿನಲ್ಲಿ. ರಾಕೆಟ್ಟುಗಳಿಗೆ ಹೆಸರಾದ ಊರು. ಅಲ್ಲಿಗೆ ಸಮೀಪದಲ್ಲಿಯೇ ಗಂಟರ್ಸ್‌ವಿಲ್ ಸರೋವರವಿದೆ. ಸರೋವರವೆನ್ನುವುದು ಹೆಸರಿಗೆ ಮಾತ್ರ. ಅದು ಟೆನೆಸೀ ನದಿಗೆ ೧೯೩೯ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟಿನ ಹಿನ್ನೀರು. ವಿಸ್ತಾರ ಸುಮಾರು ೬೯,೦೦೦ ಎಕರೆ, ಉದ್ದ ೭೫ ಮೈಲಿ. ಅದರ ತುಂಬ ಬಾಸ್ ಎಂಬ ಮೀನು. ಬಾಯಿ ಎಷ್ಟು ದೊಡ್ಡದೆಂದರೆ ಅದರ ಹೆಸರೇ ‘ದೊಡ್ಡ ಬಾಯಿಯ ಬಾಸ್’.

ಅಳಿಯಂದಿರು ಧಾರವಾಡದ ಕಡೆಯವರು, ಮೀನು ಮುಟ್ಟುವವರಲ್ಲ. ಅಂಥವರಿಗೆ ಮೀನು ಹಿಡಿಯುವ ದೋಣಿ ಏಕೆ ಎಂದು ನಮ್ಮ ಮನೆಯಾಕೆ ಮೊದಲ ದಿನವೇ ಕೇಳಿಬಿಟ್ಟಳು. “ಹಿಡದು ಮತ್ತ ನೀರಿಗೇ ಬಿಡತೀವ್ರಿ ಅತ್ತಿ” ಎಂದು ಅವರು ಸಮಾಧಾನ ಹೇಳಿದರು. ನಾನು ತಮಾಷೆ ಎಂದುಕೊಂಡೆ. ನಿಜವಾಗಿಯೂ ಅಲ್ಲಿನವರಲ್ಲಿ ಬಹುಮಂದಿ ಹಾಗೆಯೇ ಮಾಡುತ್ತಾರೆ. ಅಲಬಾಮಾದವರೇ ಆದ ರೇ ಸ್ಕಾಟ್ ಎಂಬ ವಿಮಾ ಏಜೆಂಟರು ೧೯೬೭ರಲ್ಲಿ ಈ ಮೀನು ಹಿಡಿಯುವ ಪಂದ್ಯಗಳನ್ನು ಆರಂಭಿಸಿದರು. ಹಿಡಿದ ಮೀನನ್ನು ಜೀವಂತವಾಗಿ ನೀರಿಗೆ ಬಿಡುವ ಪದ್ಧತಿಯನ್ನು ೧೯೭೨ರಲ್ಲಿ ಅವರೇ ಪಂದ್ಯಕ್ಕೆ ತಂದರು. ಅದಕ್ಕಾಗಿ ಈ ದೋಣಿಗಳಲ್ಲಿ ನೀರು ಹರಿದಾಡುವ ತೊಟ್ಟಿಯೊಂದು ಇರುತ್ತದೆ. ಮೀನಿಗೆ ಗಾಳಿ ಬೆರೆತ ನೀರು, ಮನುಷ್ಯನಿಗೆ ಮೆತ್ತೆಯ ಕುರ್ಚಿ! ನಮ್ಮಜ್ಜ ಕಂಡಿದ್ದರೆ ಏನೆನ್ನುತ್ತಿದ್ದರೋ.

ಈ ದೋಣಿಯ ಹುಟ್ಟು ೧೯೪೮ರಲ್ಲಿ, ಲೂಸಿಯಾನಾದ ಶ್ರೀವ್‌ಪೋರ್ಟಿನಲ್ಲಿ, ಹೋಮ್ಸ್ ಥರ್ಮಂಡ್ ಎಂಬವರ ಕೈಯಲ್ಲಿ. ಅವರು ಅದನ್ನು ಸ್ಕೀಟರ್ ಎಂದು ಕರೆದರು. ೧೯೬೮ರಲ್ಲಿ ಅರ್ಕನ್ಸಾದ ಫ್ಲಿಪಿನ್ ಎಂಬ ಸಣ್ಣ ಊರಿನ ಫಾರೆಸ್ಟ್ ವುಡ್ ಅವರು ರೇಂಜರ್ ದೋಣಿಗಳನ್ನು ಕಟ್ಟತೊಡಗಿದರು. ೧೯೭೮ರಲ್ಲಿ ಜಾನಿ ಮಾರಿಸ್ ಅವರು ದೋಣಿ, ಎಂಜಿನ್, ಅದನ್ನು ಎಳೆಯುವ ಗಾಡಿ ಮೂರನ್ನೂ ಸೇರಿಸಿ ಒಂದೇ ಬೆಲೆಗೆ ಮಾರುವುದನ್ನು ಬಳಕೆಗೆ ತಂದರು. ಕೊಳ್ಳುವವನಿಗೆ ಇದು ಬಹಳ ಸುಲಭ. ಆದರೆ ಒಂದೇ ಬೆಲೆ ಎಂದ ಮಾತ್ರಕ್ಕೆ ಒಬ್ಬನೇ ಹೊಣೆ ಎಂದಾಗುವುದಿಲ್ಲ. ಅದು ನಮಗೆ ತಿಳಿದುದು ಆಮೇಲೆ.

೨೦೨೪ರ ಫೆಬ್ರವರಿಯಲ್ಲಿ ನಾವು ಮೂರು ದೋಣಿಗಳನ್ನು ನೋಡಿದೆವು. ಮೊದಲನೆಯದು ಹದಿನೇಳು ಅಡಿಯ ಅಲ್ಯುಮಿನಿಯಂ ದೋಣಿ, ೯೦ ಕುದುರೆಶಕ್ತಿಯ ಎಂಜಿನ್. ಹಗುರ, ಸಾಧಾರಣ ಮೋಟಾರು ಗಾಡಿಯೂ ಎಳೆದೀತು, ಕಡಿಮೆ ನೀರಿನಲ್ಲಿ ನುಗ್ಗೀತು, ಮರದ ಬುಡಕ್ಕೆ ಬಡಿದರೆ ತಗ್ಗು ಬಿದ್ದೀತೇ ಹೊರತು ಸುಲಭವಾಗಿ ಒಡೆಯದು. ಇಂಥವು ಇಪ್ಪತ್ತು ಮೂವತ್ತು ಸಾವಿರ ಡಾಲರಿಗೆ ಸಿಗುತ್ತವೆ. ಆದರೆ ಗಾಳಿ ಎದ್ದರೆ ತರಗೆಲೆಯಂತೆ ಓಲಾಡುತ್ತದೆ, ಅಲೆಯ ಮೇಲೆ ತಮಟೆಯಂತೆ ಸದ್ದು ಮಾಡುತ್ತದೆ. ಅಲ್ಯುಮಿನಿಯಂ ಆದರೆ ತಗಡನ್ನು ಬೆಸೆದಿದ್ದಾರೆಯೆ, ರಿವೆಟ್ ಹೊಡೆದಿದ್ದಾರೆಯೆ ಎಂಬುದನ್ನು ಬಗ್ಗಿ ನೋಡಬೇಕು. ರಿವೆಟ್ಟುಗಳು ವರ್ಷಗಳ ಬಡಿತಕ್ಕೆ ಸಡಿಲಾಗಿ ನೀರು ಜಿನುಗುವುದುಂಟು.

ಮೂರನೆಯದನ್ನು ಮೊದಲು ಹೇಳಿ ಮುಗಿಸುತ್ತೇನೆ. ಇಪ್ಪತ್ತೊಂದು ಅಡಿ, ಫೈಬರ್ ಗ್ಲಾಸಿನ ಮೈ, ೨೫೦ ಕುದುರೆಶಕ್ತಿ. ಮೈಯಲ್ಲಿ ಮಿಂಚಿನ ಪುಡಿ ಸೇರಿಸಿದ ಬಣ್ಣ, ಮದುವೆ ಮಂಟಪದಂತೆ. ಇಂಥವು ಗಂಟೆಗೆ ಎಪ್ಪತ್ತು ಮೈಲಿ ಓಡುತ್ತವೆ. ಆಗ ತಳದ ಹಿಂಭಾಗ ಮಾತ್ರ ನೀರಿಗೆ ತಾಗಿರುತ್ತದೆ. ಈ ಜಾತಿಯ ದೊಡ್ಡ ದೋಣಿಗಳ ಬೆಲೆ ಇಂದು ಲಕ್ಷ ಡಾಲರನ್ನೂ ದಾಟುವುದುಂಟು. ಗಾಡಿ ಸಮೇತ ತೂಕ ಎರಡು ಟನ್ನಿನ ಸಮೀಪ. ಎಳೆಯಲು ಬೇರೆ ವಾಹನವನ್ನೇ ಕೊಳ್ಳಬೇಕು. ಮಾರಾಟಗಾರನು ಅದನ್ನು ಬಿಟ್ಟು ಕದಲಲೊಲ್ಲ. ನನಗೆ ಮಾತ್ರ ಒಂದು ಸಂಗತಿ ನೆನಪಾಯಿತು. ಬಾಸ್ ಮೀನಿನ ದಾಖಲೆ ತೂಕ ೨೨ ಪೌಂಡು ೪ ಔನ್ಸು; ೧೯೩೨ರಲ್ಲಿ ಜಾರ್ಜಿಯಾದ ಜಾರ್ಜ್ ಪೆರಿ ಎಂಬ ಬಡ ರೈತ ಅದನ್ನು ಹಿಡಿದ. ೨೦೦೯ರಲ್ಲಿ ಜಪಾನಿನ ಬೀವಾ ಸರೋವರದಲ್ಲಿ ಒಬ್ಬರು ಅದನ್ನು ಸರಿಗಟ್ಟಿದರು, ಅಷ್ಟೆ. ಪೆರಿ ಕುಳಿತಿದ್ದುದು ಮನೆಯಲ್ಲೇ ಮಾಡಿದ ಮರದ ದೋಣಿಯಲ್ಲಿ.

ನಡುವಿನದು ಹದಿನೆಂಟೂವರೆ ಅಡಿಯ ಫೈಬರ್ ದೋಣಿ, ೧೫೦ ಕುದುರೆಶಕ್ತಿ. ನಾಲ್ವರು ಕೂಡಬಹುದು. ನನಗೆ ಹಿಡಿಸಿದುದು ಇದು, ಮುಖ್ಯವಾಗಿ ಒಂದು ಕಾರಣಕ್ಕೆ. ಇಪ್ಪತ್ತಡಿಗಿಂತ ಚಿಕ್ಕದಾದ ಇಂಥ ಮೋಟಾರು ದೋಣಿಗಳಿಗೆ ಎಷ್ಟು ಜನ, ಎಷ್ಟು ತೂಕ, ಎಷ್ಟು ಕುದುರೆಶಕ್ತಿ ಎಂದು ಬರೆದ ಫಲಕ ಇರಲೇಬೇಕೆಂದು ಅಮೆರಿಕೆಯ ಕೇಂದ್ರ ಸರಕಾರದ ನಿಯಮವಿದೆ. ನೀರು ತುಂಬಿದರೂ ಮುಳುಗದೆ ಮಟ್ಟವಾಗಿ ತೇಲುವಷ್ಟು ಹಗುರ ಪದಾರ್ಥವನ್ನು ಒಳಗೆ ತುಂಬಿರಬೇಕೆಂದೂ ಇದೆ. ಇಪ್ಪತ್ತಡಿ ದಾಟಿದರೆ ಈ ಕಡ್ಡಾಯವಿಲ್ಲ. ಒಳ್ಳೆಯ ಕಂಪೆನಿಗಳು ತಾವಾಗಿ ಮಾಡುತ್ತವೆ, ನಾವು ಕೇಳಿ ತಿಳಿಯಬೇಕು. ಅಳಿಯಂದಿರಿಗೆ ಈಜು ಬಾರದು. ಮೊಮ್ಮಗನಿಗೆ ಎಂಟು ವರ್ಷ. ಆ ಫಲಕವನ್ನು ನಾನು ಎರಡು ಸಲ ಓದಿಸಿದೆ.

ದೋಣಿಯ ಹಿಂಬದಿಯಲ್ಲಿ ಬಲಗಡೆ ಹನ್ನೆರಡು ಅಕ್ಷರ ಅಂಕಿಗಳ ಗುರುತು ಕೆತ್ತಿರುತ್ತದೆ. ೧೯೭೨ರಿಂದ ಇದು ಕಡ್ಡಾಯ. ಕೊನೆಯ ನಾಲ್ಕನ್ನು ಓದಲು ಬಂದರೆ ದೋಣಿಯ ಜಾತಕವೇ ಬಂದಂತೆ: ಮೊದಲ ಅಕ್ಷರ ತಿಂಗಳು, ‘ಎ’ ಎಂದರೆ ಜನವರಿ, ಅನಂತರದ ಅಂಕಿ ಕಟ್ಟಿದ ವರ್ಷದ್ದು, ಕಡೆಯ ಎರಡು ಮಾದರಿ ವರ್ಷ. ನಮ್ಮದರ ಮೇಲೆ ಇದ್ದುದು ‘ಜೆ’, ೨, ೨೩. ಅಂದರೆ ೨೦೨೨ರ ಅಕ್ಟೋಬರಿನಲ್ಲಿ ಕಟ್ಟಿದ್ದು. “ಹೊಸತಾಗಿ ಬಂದ ಮಾಲು” ಎನ್ನುತ್ತಿದ್ದ ಮಾರಾಟಗಾರನು, ನಾನು ಬೆರಳಿಟ್ಟು ತೋರಿಸಿದಾಗ, ಬೆಲೆಯಲ್ಲಿ ಎರಡು ಸಾವಿರ ಡಾಲರು ಇಳಿಸಿದ. ನಮಗೆ ಬಹಳ ಹಿಗ್ಗು. ಆ ಹಿಗ್ಗಿನಲ್ಲಿ ಅಂಗಡಿಯ ಹಿಂದಿನ ಕಾರ್ಖಾನೆಯನ್ನು ನೋಡುವುದನ್ನೇ ಮರೆತೆವು. ಜೀವಮಾನವೆಲ್ಲ ಅಂಥ ಕಾರ್ಖಾನೆಯಲ್ಲಿ ಕಳೆದ ನಾನು ಮರೆತುದು ಇಂದಿಗೂ ನಾಚಿಕೆ.

ಅಳಿಯಂದಿರು ಕೇಳಿದಂತೆ ಅಂಗಡಿಯವರು ಮೀನು ತೋರಿಸುವ ಎರಡನೆಯ ಪರದೆಯೊಂದನ್ನು ಜೋಡಿಸಿ ಮಾರ್ಚಿಯಲ್ಲಿ ದೋಣಿ ಒಪ್ಪಿಸಿದರು. ಮೂರು ವರ್ಷದ ಉಳಿತಾಯ ಅದರಲ್ಲಿತ್ತು. ಎರಡು ವಾರ ಎಲ್ಲವೂ ಚೆಂದ. ಅನಂತರ ಎಂಜಿನ್ ಆಗಾಗ ಕೀರಲು ಸದ್ದು ಮಾಡಿ ಎಚ್ಚರಿಕೆ ಕೊಡತೊಡಗಿತು. ಅಂಗಡಿಗೆ ಒಯ್ದರೆ ಕಂಪ್ಯೂಟರಿಗೆ ಸಿಕ್ಕಿಸಿ ನೋಡಿ, ದೋಷವಿಲ್ಲವೆಂದು ಹಿಂದಕ್ಕೆ ಕಳುಹಿಸಿದರು. ಎರಡನೆಯ ಸಲವೂ ಅದೇ.

ಏಪ್ರಿಲಿನ ಒಂದು ಭಾನುವಾರ. ನಡುನೀರಿನ ಹಡಗು ದಾರಿಯ ಅಂಚಿನಲ್ಲಿ ಎಂಜಿನ್ ನಿಲ್ಲಿಸಿ ಎರಡು ಗಂಟೆ ಗಾಳ ಹಾಕಿದೆವು. ಪರದೆಗಳೆರಡೂ ಉರಿಯುತ್ತಿದ್ದುವು, ತೊಟ್ಟಿಯ ಪಂಪು ಓಡುತ್ತಿತ್ತು. ನೀರಿನ ಸೆಳೆತಕ್ಕೆ ದೋಣಿ ದಾರಿಯೊಳಕ್ಕೆ ಸರಿದುದು ನಮ್ಮ ಗಮನಕ್ಕೆ ಬರಲಿಲ್ಲ. ಟೆನೆಸೀ ನದಿಯಲ್ಲಿ ಬಾರ್ಜುಗಳನ್ನು ಒಟ್ಟುಕಟ್ಟಿ ಒಂದು ಬೋಟು ಹಿಂದಿನಿಂದ ತಳ್ಳಿಕೊಂಡು ಹೋಗುತ್ತದೆ. ಅಂಥದೊಂದು ತಿರುವಿನಲ್ಲಿ ಕಾಣಿಸಿಕೊಂಡು ಕೊಂಬು ಊದಿತು. ಅಳಿಯಂದಿರು ಕೀಲಿ ತಿರುಗಿಸಿದರು. ‘ಟಕ್’ ಎಂದಿತು. ಮತ್ತೆ ತಿರುಗಿಸಿದರು, ಮತ್ತೆ ‘ಟಕ್’. ಅಷ್ಟು ಭಾರವನ್ನು ತಳ್ಳುವ ಬೋಟಿಗೆ ತಟ್ಟನೆ ನಿಲ್ಲುವುದು ಸಾಧ್ಯವಿಲ್ಲ ಎಂಬುದು ಬಂದರಿನಲ್ಲಿ ದುಡಿದವನಿಗೆ ಯಾರೂ ಹೇಳಬೇಕಾಗಿಲ್ಲ. “ಅಜ್ಜ, ಅದು ನಮ್ಮ ಕಡೆಗೇ ಬರ್ತಾ ಇದೆ” ಎಂದ ಮೊಮ್ಮಗ.

ನಮ್ಮನ್ನು ಉಳಿಸಿದುದು ದೋಣಿಯ ಮೂತಿಯಲ್ಲಿರುವ ಚಿಕ್ಕ ವಿದ್ಯುತ್ ಮೋಟಾರು. ಗಾಳ ಹಾಕುವಾಗ ಸದ್ದಿಲ್ಲದೆ ಸರಿಯುವುದಕ್ಕಷ್ಟೇ ಇರುವ ವಸ್ತು ಅದು. ಅದಕ್ಕೆ ಬೇರೆ ಎರಡು ಬ್ಯಾಟರಿಗಳಿದ್ದುದು ನಮ್ಮ ಪುಣ್ಯ. ನಡಿಗೆಯ ವೇಗದಲ್ಲಿ ಅದು ನಮ್ಮನ್ನು ಎಳೆದು ಕೆಂಪು ತೇಲುಗುರುತಿನ ಆಚೆಗೆ ದಾಟಿಸಿತು. ಬಾರ್ಜುಗಳು ಹಾದುಹೋದ ಮೇಲೆ ಅವುಗಳ ಅಲೆಗೆ ದೋಣಿ ತೂಗುತ್ತಿದ್ದಾಗ ನಾವು ಮೂವರೂ ಮಾತಾಡಲಿಲ್ಲ.

ಮಾರನೆಯ ದಿನ ದೋಣಿ ಅಂಗಡಿಗೆ ಹೋಯಿತು. ಆರು ವಾರ ಅಲ್ಲಿಯೇ ಕುಳಿತಿತ್ತು. ಅಂಗಡಿಯವರು ಎಂಜಿನ್ ಕಂಪೆನಿಯನ್ನು ಕೇಳಿ ಎಂದರು. ಎಂಜಿನ್ ಕಂಪೆನಿ ಬ್ಯಾಟರಿಯದೆಂದಿತು, ಬ್ಯಾಟರಿಯವರು ಪರದೆಯದೆಂದರು, ದೋಣಿ ಕಟ್ಟಿದವರು ತಾವು ಗ್ಯಾರಂಟಿ ಕೊಟ್ಟಿರುವುದು ದೋಣಿಯ ಮೈಗೆ ಮಾತ್ರ ಎಂದರು. ಒಂದೇ ಬೆಲೆಗೆ ಕೊಂಡ ದೋಣಿಗೆ ನಾಲ್ಕು ಯಜಮಾನರು! ಇದಕ್ಕಿಂತಲೂ ಮಿಗಿಲಾದ ಸಂಗತಿ ಮಗಳು ಎಂಜಿನ್ ಕಂಪೆನಿಗೆ ಫೋನು ಮಾಡಿದಾಗ ಹೊರಬಿತ್ತು. ಮಾರಿದ ದಿನ ಅಂಗಡಿಯವರು ನೋಂದಾಯಿಸಬೇಕಾಗಿದ್ದ ಎಂಜಿನ್ನಿನ ಗ್ಯಾರಂಟಿಯನ್ನು ನೋಂದಾಯಿಸಿಯೇ ಇರಲಿಲ್ಲ. ಕಾರುಗಳಿಗೆ ಅಲ್ಲಿ ‘ಲೆಮನ್ ಕಾಯಿದೆ’ ಎಂಬುದಿದೆ. ಪದೇ ಪದೇ ಕೆಡುವ ಹೊಸ ಕಾರನ್ನು ಕಂಪೆನಿ ಹಿಂದಕ್ಕೆ ಪಡೆಯಬೇಕು. ಬಹುತೇಕ ರಾಜ್ಯಗಳಲ್ಲಿ ಅದು ದೋಣಿಗೆ ಅನ್ವಯಿಸುವುದಿಲ್ಲ. ಉಳಿದುದು ೧೯೭೫ರ ಮ್ಯಾಗ್ನುಸನ್-ಮಾಸ್ ಕಾಯಿದೆ. ಬರೆದುಕೊಟ್ಟ ಗ್ಯಾರಂಟಿಯನ್ನು ನಡೆಸಿಕೊಡಬೇಕೆಂದು ಅದು ಹೇಳುತ್ತದೆ.

ಮಗಳು ಮೊದಲ ದಿನದಿಂದಲೂ ಒಂದು ನೋಟುಪುಸ್ತಕದಲ್ಲಿ ತಾರೀಖು, ಮಾತಾಡಿದವರ ಹೆಸರು, ಆಡಿದ ಮಾತು ಎಲ್ಲವನ್ನೂ ಬರೆದಿಟ್ಟಿದ್ದಳು. ಅದರ ಪ್ರತಿಯನ್ನೂ ಕಾಯಿದೆಯ ಹೆಸರನ್ನೂ ಸೇರಿಸಿ ಅಂಗಡಿಯ ಯಜಮಾನನಿಗೆ ಒಂದು ಕಾಗದ ಬರೆದಳು. ಜಗಳದ ಒಂದು ಮಾತಿಲ್ಲ. ಮೂರನೆಯ ದಿನವೇ ಫೋನು ಬಂತು. ಗ್ಯಾರಂಟಿ ನೋಂದಣಿಯಾಯಿತು, ದೋಣಿಯನ್ನು ಬಂದು ನೋಡಿ ಎಂದರು.

ಆಗ ನಾನು ಹಿಂದಿನ ಕಾರ್ಖಾನೆಯನ್ನು ನೋಡಬೇಕೆಂದೆ. ಕೂದಲು ಪೂರ್ತಿ ನರೆತ ಮೆಕ್ಯಾನಿಕ್ ಒಬ್ಬನಿದ್ದ. ಅವನ ಇಂಗ್ಲಿಷು ನನಗೆ, ನನ್ನದು ಅವನಿಗೆ ಅರ್ಧ ಮಾತ್ರ ತಿಳಿಯುತ್ತಿತ್ತು. ಅವನು ಕಂಪ್ಯೂಟರಿನ ಹತ್ತಿರ ಹೋಗಲಿಲ್ಲ. ಮೀಟರಿನ ಒಂದು ತಂತಿಯನ್ನು ಬ್ಯಾಟರಿಯ ತುದಿಗೂ ಇನ್ನೊಂದನ್ನು ದಪ್ಪ ಕೇಬಲ್ಲಿನ ಎಂಜಿನ್ ತುದಿಗೂ ಹಿಡಿದು, ಕೀಲಿ ತಿರುಗಿಸಲು ಹೇಳಿದ. ಕೇಬಲ್ ಸರಿಯಿದ್ದರೆ ಮುಳ್ಳು ಅರ್ಧ ವೋಲ್ಟು ದಾಟಬಾರದು. ಎರಡು ದಾಟಿತು. ಹನ್ನೆರಡು ವೋಲ್ಟಿನಲ್ಲಿ ಎರಡು ದಾರಿಯಲ್ಲೇ ಸೋರಿಹೋದರೆ ಎಂಜಿನ್ ಏಳುವುದು ಹೇಗೆ? ಕಪ್ಪು ಹೊದಿಕೆಯನ್ನು ಸೀಳಿದಾಗ ಕಂಡಿತು: ಪರದೆ ಜೋಡಿಸುವಾಗ ಯಾರೋ ಕೇಬಲ್ ಕತ್ತರಿಸಿ ಹೊಸ ಲಗ್ ಒತ್ತಿದ್ದರು, ತಾಮ್ರದ ಎಳೆಗಳಲ್ಲಿ ಅರ್ಧ ಮಾತ್ರ ಅದರೊಳಗೆ ಹೊಕ್ಕಿದ್ದುವು, ಉಳಿದರ್ಧ ಹಸುರು ಕಿಲುಬು ಹಿಡಿದು ಹೊರಗಿದ್ದುವು. ಎರಡು ಮೂರು ಡಾಲರಿನ ಲಗ್. ಆ ಮುದುಕ ನನ್ನ ಮುಖ ನೋಡಿ ತಲೆಯಾಡಿಸಿದ, ನಾನೂ ಆಡಿಸಿದೆ. ಅದಕ್ಕೆ ಭಾಷೆ ಬೇಕಾಗಲಿಲ್ಲ.

ಗಂಗೊಳ್ಳಿಯಲ್ಲಿ ತಮ್ಮನ ಮಕ್ಕಳ ನಾಡದೋಣಿಯ ಎಂಜಿನ್ ಕೆಟ್ಟರೆ ಮೆಕ್ಯಾನಿಕ್ ರಾತ್ರಿಯೇ ಬರುತ್ತಾನೆ. ಬೆಳಗಿನ ಮೀನಿನಲ್ಲಿ ಅವನ ಕೂಲಿಯೂ ಇದೆ. ಇಲ್ಲಿ ಮೆಕ್ಯಾನಿಕ್ಕಿಗೂ ಕೊಂಡವನಿಗೂ ನಡುವೆ ಗಾಜಿನ ಬಾಗಿಲು. ಈಗ ಯಾರಾದರೂ ನನ್ನನ್ನು ಕೇಳಿದರೆ, ಬಣ್ಣ ನೋಡುವ ಮೊದಲು ಆ ಬಾಗಿಲು ದಾಟಿ ಹೋಗಿ ಎನ್ನುತ್ತೇನೆ. ಎಷ್ಟು ದೋಣಿಗಳು ಕಾದು ನಿಂತಿವೆ, ಎಂಜಿನ್ ಕಂಪೆನಿಯಿಂದ ತರಬೇತಿ ಪಡೆದವರು ಎಷ್ಟು ಮಂದಿ, ಜೋಡಿಸಿದ ತಂತಿಯ ಕೆಲಸಕ್ಕೆ ಹೊಣೆ ಯಾರೆಂದು ಬರೆದುಕೊಡುತ್ತಾರೆಯೆ ಎಂದು ಕೇಳಿ. ಒಪ್ಪಿಸುವ ದಿನ ಅಂಗಡಿಯವನನ್ನೇ ಕೂರಿಸಿಕೊಂಡು ನೀರಿಗಿಳಿಯಿರಿ; ಎಂಜಿನ್ ನಿಲ್ಲಿಸಿ ಎಲ್ಲವನ್ನೂ ಉರಿಸಿ, ಒಂದು ಗಂಟೆಯ ಮೇಲೆ ಮತ್ತೆ ಕೀಲಿ ತಿರುಗಿಸಿ.

ದೋಣಿ ಕೈಗೆ ಬಂದಾಗ ಜೂನ್. ದಡದ ಬಳಿ ಮೊಟ್ಟೆಯಿಟ್ಟ ಮೀನುಗಳು ಆಳಕ್ಕೆ ಹೋಗಿಯಾಗಿತ್ತು. ಆದರೂ ನಾನು ಹೊರಡುವ ಹಿಂದಿನ ವಾರ ಮೊಮ್ಮಗನ ಗಾಳಕ್ಕೆ ಮೂರು ಪೌಂಡಿನದೊಂದು ಸಿಕ್ಕಿತು. ಎರಡು ಕೈಯಲ್ಲಿ ಹಿಡಿದು ಚಿತ್ರ ತೆಗೆಸಿಕೊಂಡು ನೀರಿಗೆ ಬಿಟ್ಟ. ಫೋನಿನಲ್ಲಿ ಚಿತ್ರ ಕಂಡ ಗಂಗೊಳ್ಳಿಯ ನನ್ನ ತಂಗಿ ಕೇಳಿದುದು ಒಂದೇ ಮಾತು: “ಅಣ್ಣ, ಅಷ್ಟು ಒಳ್ಳೆ ಮೀನು ಬಿಟ್ಟದ್ದು ಯಾಕೆ?”

ಮೊನ್ನೆ ಅಳಿಯಂದಿರು ಫೋನು ಮಾಡಿದ್ದರು. ಎಂಜಿನ್ ನೂರು ಗಂಟೆ ಓಡಿದೆಯಂತೆ. ಎಣ್ಣೆ ಬದಲಿಸಿ ಸರ್ವಿಸ್ ಮಾಡಿಸುವ ಹೊತ್ತು. ಆ ಮುದುಕ ಅಂಗಡಿ ಬಿಟ್ಟು ಈಗ ತನ್ನ ಮನೆಯ ಹಿಂದೆ ಶೆಡ್ಡು ಹಾಕಿಕೊಂಡಿದ್ದಾನಂತೆ. “ಅಲ್ಲೇ ಒಯ್ಯಲೇನ್ರಿ ಮಾವಾರ?” ಎಂದು ಕೇಳಿದರು. ಗ್ಯಾರಂಟಿಯ ಕೆಲಸವಾದರೆ ಅಂಗಡಿಗೇ ಹೋಗಬೇಕು, ಎಣ್ಣೆಯ ಕೆಲಸಕ್ಕೆ ಅವನೇ ಸರಿ, ರಸೀದಿಗಳನ್ನು ಮಾತ್ರ ಮಗಳ ನೋಟುಪುಸ್ತಕದಲ್ಲಿ ಅಂಟಿಸಿಡಿ ಎಂದೆ.